ಪಾತ್ರ ಅತ್ತರೆ ಸಾಕಾ? ಕ್ರೈಸ್ತ ಕತೆಗಳಲ್ಲಿ ತಪ್ಪು, ಕ್ಷಮೆ, ತೀರಿಸುವಿಕೆ

ಕಡಲಗಾಳಿ:

ನಮ್ಮ ಕಡೆಯ ಒಂದು ಚರ್ಚ್ ಪತ್ರಿಕೆಯವರು ತಪಸ್ಸುಕಾಲಕ್ಕೆ (ಈಸ್ಟರಿನ ಮುಂಚಿನ ಉಪವಾಸದ ದಿನಗಳಿಗೆ) ಕಥಾಸ್ಪರ್ಧೆ ಇಟ್ಟಿದ್ದಾರೆ. ವಿಷಯ ಕ್ಷಮೆ. ಬಂದ ಕತೆಗಳನ್ನು ಓದಿ ಆರಿಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಬಹುಪಾಲು ಕತೆಗಳು ಒಂದೇ ದಾರಿ ಹಿಡಿದಿವೆ. ಅಣ್ಣ ಮೋಸದಿಂದ ತಮ್ಮನ ಪಾಲಿನ ತೋಟ ಬರೆಸಿಕೊಳ್ಳುತ್ತಾನೆ. ಎಷ್ಟೋ ವರ್ಷ ಆದ ಮೇಲೆ ಕಾಯಿಲೆ ಬೀಳುತ್ತಾನೆ. ಒಂದು ಸಂಜೆ ಇಗರ್ಜಿಗೆ ಹೋಗಿ ಶಿಲುಬೆಯ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಗುರುಗಳು ತಲೆ ಮೇಲೆ ಕೈ ಇಡುತ್ತಾರೆ. ಕತೆ ಮುಗೀತು. ತೋಟ? ಅದು ಇನ್ನೂ ಅಣ್ಣನ ಹೆಸರಲ್ಲೇ ಇದೆ. ಎರಡನೇ ಪುಟದಲ್ಲಿ ಮುಂಬೈ ಬಸ್ಸು ಹತ್ತಿದ ತಮ್ಮ ಮತ್ತೆ ಕಾಣಿಸುವುದೇ ಇಲ್ಲ. ಒಂದು ಕತೆಯಲ್ಲಂತೂ ಅಣ್ಣ ಅತ್ತು ಹಗುರಾಗಿ ಮನೆಗೆ ಬಂದು, ಅದೇ ತೋಟದ ಎಳನೀರು ಕುಡಿದು ನೆಮ್ಮದಿಯಾಗಿ ಮಲಗುತ್ತಾನೆ. ಬರೆದವರು ತಮಾಷೆಗೆ ಬರೆದದ್ದಲ್ಲ.

ದೇವರು ಕ್ಷಮಿಸುತ್ತಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕತೆ ಅಲ್ಲಿಗೇ ನಿಲ್ಲಬಹುದಾ? ಪೆಟ್ಟು ತಿಂದವನನ್ನು ಪಕ್ಕಕ್ಕೆ ತಳ್ಳಿ, ಪೆಟ್ಟು ಕೊಟ್ಟವನ ಕಣ್ಣೀರನ್ನಷ್ಟೇ ತೋರಿಸುವುದು ನನಗೆ ಇನ್ನೊಂದು ಮೋಸದಂತೆ ಕಾಣುತ್ತದೆ. ಇದನ್ನು ಸರಿಯಾಗಿ ಬರೆದ ಕಾದಂಬರಿಗಳು ಯಾವುವು? ನೀವೆಲ್ಲ ಏನು ಹೇಳ್ತೀರಿ?

ಧಾರವಾಡದ ಓದುಗ:

ಒಳ್ಳೆಯ ಪ್ರಶ್ನೆ. ಆದರೂ ಒಂದು ಎಚ್ಚರಿಕೆ. ನಾನು ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು. ಕೃಪೆ ಮೊದಲು, ಉಳಿದದ್ದು ಆಮೇಲೆ ಅಂತ ಚಿಕ್ಕಂದಿನಿಂದ ಕೇಳಿದವನು. ಲೂಕನ ಸುವಾರ್ತೆಯಲ್ಲಿ ಜಕ್ಕಾಯನ ಕತೆ ನೋಡಿ. ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಊರಿಗೆಲ್ಲ ಬೇಡವಾದವನು. ಮರದ ಮೇಲೆ ಕೂತಿದ್ದಾನೆ. ಯೇಸು ಅವನಿಗೆ "ಮೊದಲು ಲೆಕ್ಕ ಚುಕ್ತಾ ಮಾಡು" ಅನ್ನುವುದಿಲ್ಲ. ಬೇಗ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಅನ್ನುತ್ತಾನೆ. ಜನ ಗೊಣಗುತ್ತಾರೆ. ಜಕ್ಕಾಯ ಹಣದ ಮಾತು ಎತ್ತುವುದು ಆಮೇಲೆ.

ತೋಟ ವಾಪಸ್ ಕೊಟ್ಟದ್ದಕ್ಕೆ ಕ್ಷಮೆ ಸಿಕ್ಕಿತು ಅಂತ ಬರೆದರೆ ಅದು ಸುವಾರ್ತೆ ಅಲ್ಲ, ವ್ಯಾಪಾರ. ನಿಮ್ಮ ಸ್ಪರ್ಧೆಯವರು ಆ ಕಡೆ ಜಾರದೆ ಇರುವುದೂ ಮುಖ್ಯ.

ಕಡಲಗಾಳಿ:

ಒಪ್ಪಿದೆ ಸರ್. ಆದರೆ ಜಕ್ಕಾಯ ಅಲ್ಲಿ ಅಳುವುದಿಲ್ಲ, ಗಮನಿಸಿದ್ದೀರಾ? ಲೆಕ್ಕ ಹೇಳುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಹೇಳುವುದು ಈ ಮಾತು ಕೇಳಿದ ಮೇಲೆ. ಯೇಸು ಅವನ ಮನೆಗೆ ಬಂದದ್ದು ಮೊದಲು, ನಿಜ. ಆದರೆ ಜಕ್ಕಾಯ ಸುಮ್ನೆ ಕೈ ಕಟ್ಟಿ ಕೂರಲಿಲ್ಲ.

ನಮ್ಮ ಕಥೋಲಿಕ ಪದ್ಧತಿಯಲ್ಲೂ ಹಾಗೇ. ಪಾಪನಿವೇದನೆಯಲ್ಲಿ ಗುರುಗಳು ಪಾಪ ಬಿಡಿಸುತ್ತಾರೆ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ನೇರವಾಗಿಯೇ ಇದೆ: ಪಾಪ ಹೋದರೂ ಪಾಪ ಮಾಡಿದ ಹಾಳು ಹಾಗೇ ಉಳಿಯುತ್ತದೆ, ಕದ್ದದ್ದನ್ನು ಹಿಂದಿರುಗಿಸುವಂಥ ಕೆಲಸ ಕೈಲಾದಷ್ಟು ಮಾಡಬೇಕು. ಇದು ಹೊಸದೂ ಅಲ್ಲ. ಮೋಸದಿಂದ ಪಡೆದದ್ದನ್ನು ಐದನೇ ಒಂದು ಭಾಗ ಸೇರಿಸಿ ಯಜಮಾನನಿಗೆ ಕೊಡು, ಆಮೇಲೆ ಬಲಿ ತಾ ಅಂತ ಬೈಬಲಿನ ಯಾಜಕಕಾಂಡದಲ್ಲೇ ಇದೆ. ಮತ್ತಾಯನಲ್ಲಿ ಯೇಸು ಹೇಳುವುದೂ ಅದೇ ಸಾಲಿನ ಮಾತು: ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಹತ್ತಿರ ರಾಜಿಯಾಗು. ನಮ್ಮ ಕತೆಗಾರರು ಕಾಣಿಕೆ ಒಪ್ಪಿಸಿ ಮನೆಗೆ ಹೋಗುತ್ತಿದ್ದಾರೆ.

ಪುಸ್ತಕದ ಹುಳ:

ನಾನು ಕ್ರೈಸ್ತನಲ್ಲ, ಸುಮ್ನೆ ಓದುಗ. ಆದರೆ ಈ ವಿಷಯ ಬಂದಾಗಲೆಲ್ಲ ನನಗೆ ವಿಕ್ಟರ್ ಹ್ಯೂಗೋನ 'ಲೇ ಮಿಸರಾಬ್ಲ್' (1862) ನೆನಪಾಗುತ್ತದೆ.

ಎಲ್ಲರಿಗೂ ಬೆಳ್ಳಿ ದೀಪದ ಕಂಬಗಳ ಕತೆ ಗೊತ್ತು. ಜೀನ್ ವಾಲ್ಜೀನ್ 19 ವರ್ಷ ಸೆರೆ ಮುಗಿಸಿ ಬರುತ್ತಾನೆ. ಮನೆಯೊಳಗೆ ಕರೆದು ಊಟ ಹಾಕಿದ ಬಿಷಪ್ಪನ ಬೆಳ್ಳಿಯನ್ನೇ ಕದಿಯುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್ಪ "ಇದನ್ನು ನಾನೇ ಕೊಟ್ಟದ್ದು, ದೀಪದ ಕಂಬ ಯಾಕೆ ಬಿಟ್ಟು ಹೋದೆ" ಅಂತ ಅವನ್ನೂ ಕೊಡುತ್ತಾನೆ. ಪ್ರವಚನಗಳಲ್ಲಿ ಕತೆ ಇಲ್ಲಿಗೇ ನಿಲ್ಲುತ್ತದೆ. ಕಾದಂಬರಿ ನಿಲ್ಲುವುದಿಲ್ಲ.

ಅದೇ ದಿನ ಸಂಜೆ, ಆ ಬೆಳ್ಳಿ ಚೀಲದಲ್ಲಿ ಇರುವಾಗಲೇ, ವಾಲ್ಜೀನ್ ಒಬ್ಬ ಚಿಕ್ಕ ಹುಡುಗನ 40 ಸೂ ನಾಣ್ಯದ ಮೇಲೆ ಕಾಲಿಟ್ಟು ನಿಲ್ಲುತ್ತಾನೆ. ಹುಡುಗನ ಹೆಸರು ಪುಟಾಣಿ ಜೆರ್ವೇ. ಸವಾಯ್ ಸೀಮೆಯಿಂದ ಬಂದು ಊರೂರು ಅಲೆಯುವ ಬಡ ಹುಡುಗ. ಕಾಲು ಎತ್ತು ಅಂತ ಅಳುತ್ತಾನೆ, ಬೆದರಿ ಓಡಿಹೋಗುತ್ತಾನೆ. ವಾಲ್ಜೀನ್‌ಗೆ ಎಚ್ಚರ ಬರುವಷ್ಟರಲ್ಲಿ ಹುಡುಗ ಇಲ್ಲ. ಎಷ್ಟು ಕೂಗಿದರೂ ಸಿಗುವುದಿಲ್ಲ. ವಾಲ್ಜೀನ್ ಅಳುವುದು ಬಿಷಪ್ಪನ ಮುಂದೆ ಅಲ್ಲ, ಇಲ್ಲಿ.

ವರ್ಷಗಳಾದ ಮೇಲೆ ಅವನು ಹೆಸರು ಬದಲಿಸಿಕೊಂಡು ಒಂದು ಊರಿನ ಮೇಯರ್ ಆಗುತ್ತಾನೆ. ಆಗಲೂ ಸವಾಯ್‌ನಿಂದ ಆ ಊರಿಗೆ ಬರುವ ಚಿಮಣಿ ಗುಡಿಸುವ ಹುಡುಗರನ್ನು ಕರೆದು ಹೆಸರು ಕೇಳುತ್ತಾನೆ, ದುಡ್ಡು ಕೊಡುತ್ತಾನೆ. ಊರಿನವರಿಗೆ ಯಾಕೆ ಅಂತ ಗೊತ್ತಿಲ್ಲ. ಜೆರ್ವೇ ಸಿಗುವುದೇ ಇಲ್ಲ. ಹ್ಯೂಗೋ ಆ ಹುಡುಗನನ್ನು ಕೊನೆಯಲ್ಲಿ ಎಳೆದು ತಂದು ತಬ್ಬಿಸುವುದಿಲ್ಲ. ಸಾಲ ವಾಪಸ್ ಪಡೆಯಬೇಕಾದವನು ಸಿಗದಿದ್ದರೂ ಸಾಲ ಹಾಗೇ ಇದೆ. ನಿಮ್ಮ ಸ್ಪರ್ಧೆಯ ತಮ್ಮ ಮುಂಬೈಯಲ್ಲಿ ಸಿಗದಿದ್ದರೂ ಪರವಾಗಿಲ್ಲ ಸರ್, ಅಣ್ಣ ಒಮ್ಮೆ ಹುಡುಕಿಕೊಂಡಾದರೂ ಹೋಗಬೇಕು.

ವಕೀಲಮ್ಮ:

ನನ್ನ ಓಟು ಟಾಲ್‌ಸ್ಟಾಯ್‌ನ 'ಪುನರುತ್ಥಾನ'ಕ್ಕೆ (1899). ಕೋರ್ಟಿನ ಒಳಗನ್ನು ಇಷ್ಟು ಚೆನ್ನಾಗಿ ಬರೆದ ಕಾದಂಬರಿ ಕಡಿಮೆ, ಅದು ಬೇರೆ ಮಾತು.

ಓದದವರಿಗೆ ಕತೆ: ನೆಹ್ಲ್ಯುದೋವ್ ಅನ್ನುವ ಶ್ರೀಮಂತ ತನ್ನ ಅತ್ತೆಯಂದಿರ ಮನೆಯಲ್ಲಿ ಬೆಳೆದ ಕಾತ್ಯೂಷಾ ಅನ್ನುವ ಹುಡುಗಿಯನ್ನು ಕೆಡಿಸುತ್ತಾನೆ. ಹೋಗುವಾಗ ನೂರು ರೂಬಲ್ ನೋಟನ್ನು ಅವಳ ಕೈಗೆ ತುರುಕಿ ಹೋಗುತ್ತಾನೆ. ಅವಳು ಬಸುರಾಗುತ್ತಾಳೆ, ಮಗು ಸಾಯುತ್ತದೆ, ಕೊನೆಗೆ ವೇಶ್ಯಾಗೃಹ ಸೇರುತ್ತಾಳೆ. ವರ್ಷಗಳ ಮೇಲೆ ಒಂದು ಕೊಲೆ ಕೇಸಿನಲ್ಲಿ ಅವಳು ಆರೋಪಿ, ಇವನು ತೀರ್ಪು ಹೇಳುವ ಜ್ಯೂರಿಯಲ್ಲಿ ಒಬ್ಬ. ಜ್ಯೂರಿಯವರಿಗೆಲ್ಲ ಅವಳು ಕೊಲ್ಲಬೇಕೆಂದು ಮಾಡಿಲ್ಲ ಅನ್ನಿಸಿದೆ. ಆದರೆ ಉತ್ತರ ಬರೆಯುವಾಗ "ಕೊಲ್ಲುವ ಉದ್ದೇಶ ಇರಲಿಲ್ಲ" ಅನ್ನುವ ಮಾತು ಸೇರಿಸಲು ಮರೆಯುತ್ತಾರೆ. ಅಷ್ಟಕ್ಕೆ ಅವಳಿಗೆ ನಾಲ್ಕು ವರ್ಷ ಸೈಬೀರಿಯಾದಲ್ಲಿ ಕಠಿಣ ಸಜೆ. ಅಂದರೆ ಅವನು ಅವಳನ್ನು ಎರಡು ಸಲ ಹಾಳು ಮಾಡಿದ ಹಾಗಾಯಿತು. ಒಂದು ಸಲ ಆಸೆಯಿಂದ, ಇನ್ನೊಂದು ಸಲ ಅಜಾಗ್ರತೆಯಿಂದ.

ಜೈಲಿಗೆ ಹೋಗಿ ಕ್ಷಮೆ ಕೇಳುತ್ತಾನಲ್ಲ, ಆ ಭಾಗ ಓದಿ. ಅವನು ಮನಸ್ಸು ಕರಗಿ ನಿಂತಿದ್ದಾನೆ. ಅವಳು ಏನು ಕೇಳುತ್ತಾಳೆ? ಹತ್ತು ರೂಬಲ್ ಇದ್ದರೆ ಕೊಡಿ ಅಂತ! ಮುಂದಿನ ಭೇಟಿಯಲ್ಲಿ ಮದುವೆಯಾಗುತ್ತೇನೆ ಅಂದಾಗ ಸಿಡಿದುಬೀಳುತ್ತಾಳೆ. ಈ ಲೋಕದಲ್ಲಿ ನನ್ನಿಂದ ಸುಖ ಪಡೆದೆ, ಈಗ ಪರಲೋಕಕ್ಕೂ ನನ್ನನ್ನೇ ಏಣಿ ಮಾಡಿಕೊಳ್ಳಲು ಬಂದಿದ್ದೀಯಾ ಅನ್ನುವ ಅರ್ಥದಲ್ಲಿ ಬೈಯುತ್ತಾಳೆ. ಈ ಇಡೀ ಚರ್ಚೆಯ ಗಂಟು ಅಲ್ಲಿದೆ ಅಂತ ನನ್ನ ಅಭಿಪ್ರಾಯ. ಪಶ್ಚಾತ್ತಾಪ ಪಡುವವನಿಗೆ ತನ್ನ ಆತ್ಮದ ಚಿಂತೆ. ಅದಕ್ಕೆ ಅವಳು ಬೇಕು. ಮೊದಲೂ ಅವಳು ಸಾಮಾನಾಗಿದ್ದಳು, ಈಗಲೂ ಸಾಮಾನೇ.

ಟಾಲ್‌ಸ್ಟಾಯ್ ದೊಡ್ಡವನಾಗುವುದು ಅವಳಿಗೆ ಬೇಡ ಅನ್ನುವ ಹಕ್ಕು ಕೊಟ್ಟದ್ದರಿಂದ. ನೆಹ್ಲ್ಯುದೋವ್ ಆಮೇಲೂ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆಯುತ್ತಾನೆ. ತನ್ನ ಜಮೀನು ರೈತರಿಗೆ ಬಿಡಲು ಹೋಗುತ್ತಾನೆ. ರೈತರೂ ಇದರಲ್ಲಿ ಏನೋ ಮಸಲತ್ತಿದೆ ಅಂತ ಅನುಮಾನ ಪಡುತ್ತಾರೆ (ನಮ್ಮ ಹಳ್ಳಿಯವರೂ ಹಾಗೇ ಅನುಮಾನ ಪಡುತ್ತಿದ್ದರು). ಕೊನೆಗೆ ಅವಳ ಶಿಕ್ಷೆ ಕಡಿಮೆಯಾಗುತ್ತದೆ. ಆಗಲೂ ಅವಳು ಆರಿಸಿಕೊಳ್ಳುವುದು ಸಿಮೊನ್ಸನ್ ಅನ್ನುವ ಬೇರೊಬ್ಬ ಕೈದಿಯನ್ನು.

ಹೊಸ ಸದಸ್ಯ:

ಕತೆ ಅಂದ್ರೆ ಕತೆ ಅಲ್ವಾ? ಒಬ್ಬ ಅತ್ತ, ದೇವರು ಕ್ಷಮಿಸಿದ, ಓದಿದವರಿಗೆ ಖುಷಿ ಆಯ್ತು. ಇಷ್ಟು ಜಾಸ್ತಿ ಯೋಚನೆ ಮಾಡಬೇಕಾ?

ಪುಸ್ತಕದ ಹುಳ:

ಓದಿದವರಲ್ಲಿ ತೋಟ ಕಳಕೊಂಡ ತಮ್ಮಂದಿರೂ ಇರುತ್ತಾರೆ.

ಧಾರವಾಡದ ಓದುಗ:

ವಕೀಲಮ್ಮನವರೇ, ಕಾತ್ಯೂಷಾಳ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಆದರೆ ಆ ಕಾದಂಬರಿಯ ಕೊನೆ ನನಗೆ ಒಣ ಅನ್ನಿಸುತ್ತದೆ. ನೆಹ್ಲ್ಯುದೋವ್ ಮತ್ತಾಯನ ಸುವಾರ್ತೆ ತೆಗೆದು ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಿಂದ ಐದು ಆಜ್ಞೆ ಹೆಕ್ಕಿ ಇಡುತ್ತಾನೆ. ಜನ ಇವನ್ನು ಪಾಲಿಸಿದರೆ ಭೂಮಿಯ ಮೇಲೆ ದೇವರ ರಾಜ್ಯ ಬರುತ್ತದೆ ಅನ್ನುತ್ತಾನೆ. ಅಲ್ಲಿ ಯೇಸು ಒಬ್ಬ ಒಳ್ಳೆಯ ಮೇಷ್ಟ್ರು, ಅಷ್ಟೇ. ರಷ್ಯದ ಚರ್ಚು 1901ರಲ್ಲಿ ಟಾಲ್‌ಸ್ಟಾಯ್‌ಯನ್ನು ಹೊರಗಿಟ್ಟದ್ದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ತನ್ನ ಕೈಲಿ ತೀರಿಸಲಾಗದ ತಪ್ಪು ಹೊತ್ತವನಿಗೆ ಐದು ಆಜ್ಞೆ ಕೊಟ್ಟು ಕಳಿಸಿದರೆ ಅವನು ಎಲ್ಲಿಗೆ ಹೋಗಬೇಕು?

ನಾನು ಕೃಪೆ ಅನ್ನುವಾಗ ಅಗ್ಗದ ಕೃಪೆ ಅಂತ ಯಾರೂ ತಿಳಿಯಬೇಡಿ. ಆ ಮಾತನ್ನು 1937ರಲ್ಲಿ ಜರ್ಮನಿಯ ಪಾದ್ರಿ ಬೋನ್‌ಹೋಫರ್ ಬರೆದ, ನಾಜಿಗಳ ಕಾಲದಲ್ಲಿ. ಪಶ್ಚಾತ್ತಾಪ ಬೇಡದ ಕ್ಷಮೆಯನ್ನು ಬೋಧಿಸುವುದೇ ಅಗ್ಗದ ಕೃಪೆ ಅಂದ. ಅವನೂ ನನ್ನ ಹಾಗೆ ಪ್ರೊಟೆಸ್ಟೆಂಟನೇ!

ಸಂಜೆ ಪಾಳಿ:

ನಾನು ಗಲ್ಫ್‌ನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಇದೆಲ್ಲ ಓದಿದೆ.

ನೀವೆಲ್ಲ ಒಂದು ಸಲ ತಪ್ಪು ಮಾಡಿ ಒಂದು ಸಲ ಪಶ್ಚಾತ್ತಾಪ ಪಡುವವರ ಬಗ್ಗೆ ಮಾತಾಡುತ್ತಿದ್ದೀರಿ. ಮತ್ತೆ ಮತ್ತೆ ಬೀಳುವವರ ಕತೆ ಏನು? ಶುಸಾಕು ಎಂಡೋ ಅನ್ನುವ ಜಪಾನಿನ ಕಥೋಲಿಕ ಲೇಖಕ 1966ರಲ್ಲಿ ಬರೆದ 'ಮೌನ' ಅನ್ನುವ ಕಾದಂಬರಿ ಓದಿ. 17ನೇ ಶತಮಾನದ ಜಪಾನ್. ಕ್ರೈಸ್ತರನ್ನು ಹಿಡಿದು, ಯೇಸುವಿನ ಚಿತ್ರ ಇರುವ ಹಲಗೆಯನ್ನು ತುಳಿಯಲು ಹೇಳುತ್ತಿದ್ದರು. ತುಳಿಯದವರಿಗೆ ಚಿತ್ರಹಿಂಸೆ. ಅದರಲ್ಲಿ ಕಿಚಿಜಿರೋ ಅಂತ ಒಬ್ಬ ಇದ್ದಾನೆ. ಅವನ ಮನೆಯವರೆಲ್ಲ ತುಳಿಯದೆ ಸತ್ತರು, ಇವನೊಬ್ಬ ತುಳಿದು ಬದುಕಿದ. ಆಮೇಲೆ ಪೋರ್ಚುಗಲ್‌ನಿಂದ ಬಂದ ಪಾದ್ರಿ ರೋಡ್ರಿಗಸ್‌ನನ್ನೂ ಹಿಡಿದುಕೊಡುತ್ತಾನೆ. ಕೊಟ್ಟ ಮೇಲೆ ಜೈಲಿನ ಹತ್ತಿರ ಬಂದು ಪಾಪನಿವೇದನೆ ಕೇಳಿ ಅಂತ ಗೋಗರೆಯುತ್ತಾನೆ! ಓದುವಾಗ ನನಗೂ ಅವನ ಮೇಲೆ ಹೇಸಿಗೆ ಬಂತು. ಪಾದ್ರಿಗೂ ಬರುತ್ತದೆ. ಬಾಯಲ್ಲಿ ಮಂತ್ರ ಹೇಳಿದರೂ ಮನಸ್ಸು ಕ್ಷಮಿಸುವುದಿಲ್ಲ.

ಕೊನೆಗೆ, ಬೇರೆಯವರ ಪ್ರಾಣ ಉಳಿಸಲು ರೋಡ್ರಿಗಸ್‌ನೇ ಆ ಹಲಗೆ ತುಳಿಯುತ್ತಾನೆ. ಅವನೂ ಬಿದ್ದವನೇ ಆದ ಮೇಲೆ ಕಿಚಿಜಿರೋ ಮತ್ತೆ ಬರುತ್ತಾನೆ. ಆಗ ಪಾದ್ರಿ ಅವನ ಪಾಪನಿವೇದನೆ ಕೇಳುತ್ತಾನೆ. ಕ್ಷಮಿಸುವವನಿಗೆ ಎತ್ತರದ ಜಾಗ ಇಲ್ಲದಾಗ ಮಾತ್ರ ಅಲ್ಲಿ ಕ್ಷಮೆ ನಡೆಯಿತು. ಧಾರವಾಡದ ಸರ್ ಹೇಳಿದ ಕೃಪೆ ನನಗೆ ಅರ್ಥವಾದದ್ದು ಈ ಪುಸ್ತಕದಲ್ಲೇ.

ಇನ್ನೊಂದು ಮಾತು, ಇದು ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. "ಕ್ಷಮಿಸಿಬಿಡಮ್ಮ, ಯೇಸು ಕ್ಷಮಿಸಲಿಲ್ಲವಾ" ಅಂತ ಪೆಟ್ಟು ತಿಂದವಳಿಗೇ ಬುದ್ಧಿ ಹೇಳುವುದು ನಾವೆಲ್ಲ ನೋಡಿದ್ದೇ. ಗಂಡ ಕುಡಿದು ಹೊಡೆದಿರುತ್ತಾನೆ, ಭಾನುವಾರ ಪೂಜೆಗೆ ಬಂದು ಅಳುತ್ತಾನೆ, ಎಲ್ಲರ ಕಣ್ಣೂ ಇವಳ ಮೇಲೆ. ಇವಳು ಕ್ಷಮಿಸದಿದ್ದರೆ ಇವಳೇ ಕಲ್ಲು ಹೃದಯದವಳು. ಸ್ಪರ್ಧೆಗೆ ಬಂದ ಕತೆಗಳಲ್ಲಿ ಇಂಥದ್ದೂ ಇರಬೇಕಲ್ಲ?

ಕಡಲಗಾಳಿ:

ಇದೆ ಅಕ್ಕ. ಒಂದಲ್ಲ. ಅಂಥ ಕತೆಗಳಲ್ಲಿ ಹೆಂಡತಿ ಕೊನೆಗೆ ಕಾಫಿ ಮಾಡಿ ತಂದು ಕೊಡುತ್ತಾಳೆ, ಅದೇ ಕ್ಷಮೆ.

ವಕೀಲಮ್ಮ:

ಈ ಕಾಫಿ ಕತೆಗಳಿಗೆ ಬೈಬಲಿನಲ್ಲೇ ಉತ್ತರ ಇದೆ. ಆದಿಕಾಂಡದ ಯೋಸೇಫ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಮಾರೋಣ ಅಂದವನು ಯೆಹೂದ. ಬರಗಾಲದಲ್ಲಿ ಅವರೇ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದು ಎದುರು ನಿಂತಾಗ ಯೋಸೇಫ ಓಡಿಹೋಗಿ ತಬ್ಬಿಕೊಂಡನಾ? ಇಲ್ಲ. ಗುರುತೇ ಹೇಳುವುದಿಲ್ಲ. ಒಬ್ಬನನ್ನು ಸೆರೆಯಲ್ಲಿ ಇಟ್ಟುಕೊಳ್ಳುತ್ತಾನೆ. ಚಿಕ್ಕ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಇಡಿಸಿ, ಕಳ್ಳತನದ ಆರೋಪ ಹೊರಿಸಿ, ಇವನನ್ನು ಇಲ್ಲೇ ಬಿಟ್ಟು ನೀವು ಹೋಗಿ ಅನ್ನುತ್ತಾನೆ. ಅಂದರೆ ಹಳೆಯ ಸಂದರ್ಭವನ್ನೇ ಮತ್ತೆ ಕಟ್ಟುತ್ತಾನೆ: ಅಪ್ಪನ ಮುದ್ದಿನ ತಮ್ಮನನ್ನು ಗುಲಾಮಗಿರಿಗೆ ಬಿಟ್ಟು ಮನೆಗೆ ಹೋಗಲು ಅವರಿಗೆ ಇನ್ನೊಂದು ಅವಕಾಶ. ಆಗ ಯೆಹೂದ ಮುಂದೆ ಬಂದು, ಅವನ ಬದಲು ನಾನು ಗುಲಾಮನಾಗಿ ಉಳಿಯುತ್ತೇನೆ ಅನ್ನುತ್ತಾನೆ. ಯೋಸೇಫ ಅವರ ಎದುರಿಗೆ ಅತ್ತು ಗುರುತು ಹೇಳುವುದು ಆಮೇಲೆ. ಅಷ್ಟು ಹೊತ್ತು ಅವನು ಕಲ್ಲು ಹೃದಯದವನು ಅಂತ ಯಾವ ಪ್ರವಚನಕಾರರೂ ಬೈದದ್ದು ನಾನು ಕೇಳಿಲ್ಲ. ಹೆಂಗಸಿಗೂ ಅಷ್ಟು ಸಮಯ ಕೊಡಿ.

ಧಾರವಾಡದ ಓದುಗ:

ಯೆಹೂದನ ಆ ಮಾತನ್ನು ಈ ದೃಷ್ಟಿಯಿಂದ ಓದಿರಲಿಲ್ಲ. ಚೆನ್ನಾಗಿದೆ.

ಪುಸ್ತಕದ ಹುಳ:

ಸರಿ, ಪೆಟ್ಟು ತಿಂದವರು ಸತ್ತೇ ಹೋಗಿದ್ದರೆ? ವಾಪಸ್ ಕೊಡಲು ಯಾರೂ ಇಲ್ಲ. ಇಯಾನ್ ಮೆಕ್‌ಇವನ್‌ನ 2001ರ 'ಅಟೋನ್‌ಮೆಂಟ್'ನಲ್ಲಿ ಹೀಗೇ ಆಗುತ್ತದೆ. ಚಿಕ್ಕ ಹುಡುಗಿ ಬ್ರಯೊನಿ ಹೇಳಿದ ಸುಳ್ಳು ಸಾಕ್ಷಿಯಿಂದ ಅಕ್ಕನ ಪ್ರಿಯಕರ ಜೈಲಿಗೆ ಹೋಗುತ್ತಾನೆ. ಇಬ್ಬರೂ 1940ರಲ್ಲಿ ಯುದ್ಧದಲ್ಲಿ ಸಾಯುತ್ತಾರೆ. ಬ್ರಯೊನಿ ದೊಡ್ಡ ಲೇಖಕಿಯಾಗಿ ತನ್ನ ಕಾದಂಬರಿಯಲ್ಲಿ ಅವರನ್ನು ಬದುಕಿಸಿ ಒಂದುಗೂಡಿಸುತ್ತಾಳೆ. ಆದರೆ ಎಲ್ಲವನ್ನೂ ತಾನೇ ತೀರ್ಮಾನಿಸುವ ಲೇಖಕಿಯೇ ದೇವರಾಗಿಬಿಟ್ಟರೆ ಅವಳನ್ನು ಕ್ಷಮಿಸುವವರು ಯಾರು? ಇದು ಅವಳೇ ಕೇಳುವ ಪ್ರಶ್ನೆ. ದೇವರನ್ನು ನಂಬದ ನನಗೂ ಅದು ಚುಚ್ಚಿತು. ನಂಬುವವರು ಇದಕ್ಕೆ ಏನು ಬರೆದಿದ್ದಾರೆ?

ಕಡಲಗಾಳಿ:

ದಾಸ್ತೋಯೆವ್‌ಸ್ಕಿ ಬರೆದಿದ್ದಾನೆ. ಎಲ್ಲರೂ 'ಅಪರಾಧ ಮತ್ತು ಶಿಕ್ಷೆ'ಯ ಕೊಲೆಗಾರ ರಾಸ್ಕೋಲ್ನಿಕೋವ್‌ನ ಹೆಸರು ಹೇಳುತ್ತಾರೆ. ನನಗೆ ಅದಕ್ಕಿಂತ 'ಕರಮಾಜೋವ್ ಸಹೋದರರು' ಒಳಗೆ ಬರುವ ಒಂದು ಚಿಕ್ಕ ಕತೆ ದೊಡ್ಡದು. ಜೋಸಿಮ ಸನ್ಯಾಸಿ ಆಗುವ ಮುಂಚೆ ಅವನ ಹತ್ತಿರ ಸಂಜೆ ಸಂಜೆ ಬರುವ ಒಬ್ಬ ದೊಡ್ಡ ಮನುಷ್ಯನ ಕತೆ. ಹೆಸರು ಮಿಖಾಯಿಲ್. ಊರಲ್ಲಿ ಮರ್ಯಾದೆ, ಹೆಂಡತಿ, ಮೂರು ಮಕ್ಕಳು. 14 ವರ್ಷದ ಹಿಂದೆ ತನ್ನನ್ನು ಒಲ್ಲದ ಒಬ್ಬ ವಿಧವೆಯನ್ನು ಅವನು ಕೊಂದಿದ್ದಾನೆ. ಕಳ್ಳರು ಮಾಡಿದಂತೆ ಕಾಣಲಿ ಅಂತ ಒಂದಿಷ್ಟು ಹಣ, ಒಡವೆ ಎತ್ತಿಕೊಂಡು ಹೋಗಿದ್ದಾನೆ. ಆ ಕದ್ದ ಹಣದ ಬಗ್ಗೆ ಮನಸ್ಸು ಚುಚ್ಚಿದಾಗ ಏನು ಮಾಡಿದ ಗೊತ್ತಾ? ಅಷ್ಟೂ ಹಣವನ್ನು, ಇನ್ನೂ ಹೆಚ್ಚು ಸೇರಿಸಿ, ಧರ್ಮಕಾರ್ಯಕ್ಕೆ ದಾನ ಕೊಟ್ಟ. ನಮ್ಮ ಎಷ್ಟೋ ಇಗರ್ಜಿಗಳ ಗೋಡೆಯ ಮೇಲಿನ ದಾನಿಗಳ ಪಟ್ಟಿ ನೋಡುವಾಗ ನನಗೆ ಈ ಮನುಷ್ಯ ನೆನಪಾಗುತ್ತಾನೆ, ಏನು ಮಾಡಲಿ.

ಜೋಸಿಮ ಅವನಿಗೆ ಹೋಗಿ ಎಲ್ಲರ ಮುಂದೆ ಹೇಳು ಅನ್ನುತ್ತಾನೆ. ಇವನು ಹಿಂದೇಟು ಹಾಕುತ್ತಾನೆ. ಹೆಂಡತಿ ಮಕ್ಕಳ ಗತಿ ಏನು? ಅದು ಸುಳ್ಳು ನೆಪವೂ ಅಲ್ಲ. ಒಂದು ರಾತ್ರಿ ಹೋದವನು ತಿರುಗಿ ಬಂದು ಎರಡು ನಿಮಿಷ ಸುಮ್ಮನೆ ಕೂತು, ಎದ್ದು ಹೋಗುತ್ತಾನೆ. ಮಾರನೇ ದಿನ ಅವನ ಹುಟ್ಟುಹಬ್ಬ. ಊರಿನ ಗಣ್ಯರೆಲ್ಲ ಸೇರಿದಾಗ ತಪ್ಪೊಪ್ಪಿಗೆ ಓದುತ್ತಾನೆ, ಅವಳ ಒಡವೆಗಳನ್ನು ಮೇಜಿನ ಮೇಲೆ ಇಡುತ್ತಾನೆ. ಯಾರೂ ನಂಬುವುದಿಲ್ಲ! ತಲೆ ಕೆಟ್ಟಿದೆ ಅನ್ನುತ್ತಾರೆ. ಕೆಲವೇ ದಿನದಲ್ಲಿ ಕಾಯಿಲೆ ಬಿದ್ದು ಸಾಯುತ್ತಾನೆ. ಸಾಯುವ ಮುಂಚೆ ಜೋಸಿಮನಿಗೆ ಹೇಳುತ್ತಾನೆ: ಆ ರಾತ್ರಿ ತಿರುಗಿ ಬಂದದ್ದು ನಿನ್ನನ್ನು ಕೊಲ್ಲಲಿಕ್ಕೆ. ಗುಟ್ಟು ಗೊತ್ತಿದ್ದವನು ನೀನೊಬ್ಬನೇ.

ಅಳುವಿಗೂ ತಪ್ಪೊಪ್ಪಿಗೆಗೂ ಎಷ್ಟು ದೂರ ನೋಡಿ. ಪಶ್ಚಾತ್ತಾಪ ಪಡುತ್ತಿದ್ದವನೇ ಇನ್ನೊಂದು ಕೊಲೆಯ ಅಂಚಿಗೆ ಹೋಗಿದ್ದ.

ವಕೀಲಮ್ಮ:

ಆ ಕತೆ ನನಗೂ ಇಷ್ಟ, ಆದರೆ ಅಲ್ಲಿ ನನಗೊಂದು ತಕರಾರಿದೆ. ಆ ಕೊಲೆಗೆ ಪೊಲೀಸರು ಯಾರನ್ನು ಹಿಡಿದರು? ವಿಧವೆಯ ಜೀತದಾಳು ಪ್ಯೋತ್ರ್‌ನನ್ನು. ಕುಡಿದು ಬಿದ್ದಿದ್ದ, ಜೇಬಲ್ಲಿ ಚಾಕು ಇತ್ತು, ಕೈಯಲ್ಲಿ ರಕ್ತ ಇತ್ತು. ವಿಚಾರಣೆಗೆ ಮೊದಲೇ ಜ್ವರ ಬಂದು ಆಸ್ಪತ್ರೆಯಲ್ಲಿ ಸತ್ತ. ಕೇಸು ಮುಚ್ಚಿತು. ಮಿಖಾಯಿಲ್ ತನಗೆ ತಾನೇ ಏನು ಸಮಾಧಾನ ಹೇಳಿಕೊಳ್ಳುತ್ತಾನೆ? ಅವನು ಸತ್ತದ್ದು ಬಂಧನದ ಭಯದಿಂದಲ್ಲ, ಕುಡಿದು ಒದ್ದೆ ನೆಲದಲ್ಲಿ ಮಲಗಿ ಶೀತವಾಗಿ ಸತ್ತ ಅಂತ. ಕಕ್ಷಿದಾರರ ಬಾಯಲ್ಲಿ ಇಂಥ ಮಾತು ನಾನು ಬೇಕಾದಷ್ಟು ಕೇಳಿದ್ದೇನೆ.

ಜೋಸಿಮನೂ ಮಿಖಾಯಿಲ್‌ನೂ ಅಷ್ಟು ರಾತ್ರಿ ಕೂತು ಮಾತಾಡಿದರು. ದೇವರು, ಹೆಂಡತಿ, ಮಕ್ಕಳು, ಊರಿನ ಮರ್ಯಾದೆ ಎಲ್ಲ ಬಂತು. ಪ್ಯೋತ್ರ್‌ನ ಪಾಲಿಗೆ ಏನು ಬಂತು?

ಧಾರವಾಡದ ಓದುಗ:

ಎಲ್ಲರ ಮುಂದೆ ಒಪ್ಪಿಕೊಂಡದ್ದರಲ್ಲಿ ಅವನ ಕಳಂಕವೂ ಹೋಯಿತಲ್ಲ ಮೇಡಂ?

ವಕೀಲಮ್ಮ:

ಜನ ನಂಬಿದ್ದರೆ ಹೋಗುತ್ತಿತ್ತು. ಅವನು ಸತ್ತ ಮೇಲೆ ಕೆಲವರು ನಂಬತೊಡಗಿದರು, ಅದೂ ಕುತೂಹಲಕ್ಕೆ. ದೊಡ್ಡ ಮನುಷ್ಯನ ತಪ್ಪೊಪ್ಪಿಗೆಯನ್ನು ಹುಚ್ಚು ಅಂದ ಊರು, ಆಳಿನ ಕೈಯ ರಕ್ತವನ್ನು ಒಂದೇ ದಿನದಲ್ಲಿ ಸಾಕ್ಷಿ ಅಂದಿತ್ತು. ದಾಸ್ತೋಯೆವ್‌ಸ್ಕಿಗೆ ಇದು ಗೊತ್ತಿದ್ದೇ ಬರೆದ ಅಂತ ನಾನು ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಆ ಒದ್ದೆ ನೆಲದ ಮಾತು ಯಾಕೆ ಬರುತ್ತಿತ್ತು?

ಸಂಜೆ ಪಾಳಿ:

ಈ ಕತೆ ಪುಸ್ತಕದಲ್ಲಿ ಎಲ್ಲಿ ಬರುತ್ತದೆ? ಅಷ್ಟು ದಪ್ಪ ಪುಸ್ತಕ ಪೂರ್ತಿ ಓದಲು ನನಗೆ ಸದ್ಯಕ್ಕೆ ಆಗುವುದಿಲ್ಲ.

ಕಡಲಗಾಳಿ:

ಆರನೇ ಭಾಗದಲ್ಲಿ ಅಕ್ಕ, ಜೋಸಿಮನ ಜೀವನ ಬರುವಲ್ಲಿ. ಅಷ್ಟನ್ನೇ ಬೇರೆಯಾಗಿ ಓದಬಹುದು, ಹಿಂದಿನದು ಗೊತ್ತಿರಬೇಕಾಗಿಲ್ಲ.